ಆದೇಶ ಬರುವವರೆಗೆ

ತಂಗಿಯ ಮನೆ
ಸೋಮವಾರ, ಮಧ್ಯಾಹ್ನ

ನನ್ನನ್ನು ದೂರ ಕಳಿಸಿ ಹಾಯಾಗಿರುವ ಚೌಕಿಯ ಯಜಮಾನರಿಗೆ,

ಹೀಗೆ ಶುರು ಮಾಡಿದ್ದಕ್ಕೆ ಮುಖ ಸಿಂಡರಿಸಬೇಡಿ. ಮುಂದೆ ಇನ್ನೂ ಇದೆ. ನಿಮ್ಮ ಕುಳ್ಳ ಕಾನ್‌ಸ್ಟೇಬಲ್ ರೇಷನ್ ಒಯ್ಯಲು ಬಂದವನು ತಂಗಿಯ ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನಂತೆ. ಇದನ್ನು ಅವನ ಕೈಯಲ್ಲೇ ಕೊಡುತ್ತೇನೆ. ಅಂಚೆಗೆ ಹಾಕಿದರೆ ನಿಮ್ಮ ಸರ್ಕಾರದ ಉತ್ತರದ ಹಾಗೆ ದಾರಿಯಲ್ಲೇ ಮಲಗಿಬಿಟ್ಟೀತು.

ಕುಳ್ಳ ಬಂದವನೇ ನಿಮ್ಮ ಕ್ಷೇಮಸಮಾಚಾರ ಹೇಳಿದ. ಕೇಳಿ ನನ್ನ ಕ್ಷೇಮ ಹಾಳಾಯಿತು. "ಸಾಹೇಬ್ರು ಈಗ ಟೀಗೆ ಸಕ್ಕರೆನೇ ಹಾಕ್ಕೊಳಲ್ಲ ಅಕ್ಕಾ, ಅವರು ಬೇಡ ಅಂದ್ರು ಅಂತ ಬಿಟ್ಟುಬಿಟ್ರು" ಅಂದ. ಅವರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಚೌಕಿಯಲ್ಲಿ ನಿಮ್ಮಿಬ್ಬರನ್ನು ಬಿಟ್ಟರೆ ಇನ್ನು ಇರುವುದು ಒಂದೇ ಜೀವ. ಮದುವೆಯಾದಂದಿನಿಂದ ಸಕ್ಕರೆ ಬಿಡಿ, ಸಕ್ಕರೆ ಬಿಡಿ ಎಂದು ನಾನು ಬಡಕೊಂಡಿದ್ದೆಲ್ಲ ಗೋಡೆಗೆ ಹೇಳಿದಂತಾಗಿತ್ತು. ಹೊಳೆಯಾಚೆಯವಳು ನಮ್ಮ ಭಾಷೆಯ ನಾಲ್ಕು ಮಾತು ಕಲಿತು ಅದರಲ್ಲೊಂದನ್ನು ನಿಮ್ಮ ಮೇಲೆ ಪ್ರಯೋಗಿಸಿದಳು, ಅಷ್ಟಕ್ಕೇ ನೀವು ಬಿಟ್ಟಿರಿ. ನನಗೆ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಟ್ಟುಕೊಳ್ಳುವ ವಯಸ್ಸು ದಾಟಿದೆ.

ಅವಳು ಬಂದ ದಿನ ಬಾಗಿಲು ತೆಗೆದವಳು ನಾನೇ ಅಲ್ಲವೇ? ಮೈಯೆಲ್ಲ ಒದ್ದೆ, ಒಂದೇ ಕಾಲಿಗೆ ಚಪ್ಪಲಿ, ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿ ಬಂದೂಕಿನವರು ಅವಳ ಮನೆ ಸುಟ್ಟು ಹಾಕಿದ್ದರು. ನನ್ನ ಬೂದುಬಣ್ಣದ ಸ್ವೆಟರನ್ನು ನಾನೇ ತೊಡಿಸಿದೆ. ಪಾಪ ಅಂತಲೇ ತೊಡಿಸಿದೆ, ಈಗಲೂ ಪಾಪ ಅಂತಲೇ ಅನ್ನುತ್ತೇನೆ. ಆದರೆ ಆ ಸ್ವೆಟರು ಈಗ ಅವಳ ಮೈಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಕುಳ್ಳ ಹೇಳಬೇಕಾಗಿರಲಿಲ್ಲ.

ಕಾಗದಪತ್ರವಿಲ್ಲದೆ ಗಡಿ ದಾಟಿದವರನ್ನು ಮೇಲಿನಿಂದ ಆದೇಶ ಬರುವವರೆಗೆ ಚೌಕಿಯಲ್ಲೇ ಇರಿಸಿಕೊಳ್ಳಬೇಕು. ಇದು ನಿಮ್ಮ ನಿಯಮ. ಆದೇಶ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಉಗ್ರಾಣದಲ್ಲಿ ಚಾಪೆ ಹಾಸಿಕೊಟ್ಟಿರಿ. ಸರ್ಕಾರ ಅವಳನ್ನು ವಾಪಸು ಕಳಿಸಲೂ ಇಲ್ಲ, ಒಳಗೆ ಸೇರಿಸಿಕೊಳ್ಳಲೂ ಇಲ್ಲ. ಚಾಪೆ ಮಂಚವಾಯಿತು. ಉಗ್ರಾಣಕ್ಕೆ ಪರದೆ ಬಂತು. ಆಮೇಲೆ ಬಂದೂಕಿನವರಲ್ಲಿ ಕೆಲವರು ಹೊಳೆ ದಾಟಿ ಸುಂಕದ ಶೆಡ್ಡಿನಲ್ಲಿ ಠಿಕಾಣಿ ಹೂಡಿದಾಗ, ಇಲ್ಲಿ ಹೆಂಗಸರು ಇರುವುದು ಬೇಡ ಎಂದು ನನ್ನನ್ನು ಬಸ್ಸು ಹತ್ತಿಸಿದಿರಿ. ಅವಳು ಹೆಂಗಸಲ್ಲವೇ ಎಂದು ಕೇಳಿದೆ. ಅವಳು ಕಾನೂನಿನ ವಶದಲ್ಲಿದ್ದಾಳೆ, ಕದಲಿಸುವಂತಿಲ್ಲ ಎಂದಿರಿ. ಎಂಥ ನ್ಯಾಯ ನೋಡಿ. ಎಲ್ಲ ಕಾಗದಪತ್ರ ಇರುವ ಹೆಂಡತಿ ಮನೆ ಬಿಡಬೇಕು. ಒಂದು ಚೀಟಿಯೂ ಇಲ್ಲದವಳು ಅದೇ ಮನೆಯಲ್ಲಿ ಸರ್ಕಾರದ ಅಪ್ಪಣೆ ಪ್ರಕಾರ ಇರಬೇಕು.

ನಿಮ್ಮ ಪತ್ರಗಳನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಮೊದಮೊದಲು 'ವಶದಲ್ಲಿರುವಾಕೆ' ಎಂದು ಬರೆದಿರಿ. ಆಮೇಲೆ 'ಆ ಹೆಂಗಸು' ಆದಳು. ಈಗೀಗ ಬರೀ 'ಅವಳು'. ಹಿಂದೆಮುಂದೆ ಏನೂ ಇಲ್ಲದೆ ಬರೀ 'ಅವಳು' ಎಂದು ನೀವು ಹೇಳುವುದು ನನ್ನೊಬ್ಬಳನ್ನೇ ಎಂದುಕೊಂಡಿದ್ದೆ. ಹೊಗೆ ನೋಡಿಯೇ ಶೆಡ್ಡಿನಲ್ಲಿ ಎಷ್ಟು ಜನ ಅಡುಗೆ ಮಾಡಿಕೊಳ್ಳುತ್ತಿದ್ದಾರೆ ಎಂದು ಹೇಳಿಬಿಡುತ್ತಾಳಂತೆ. ಗುಂಡು ನೀರಿನ ಟ್ಯಾಂಕಿಗೆ ಬಡಿದಾಗಲೂ ಬೆಚ್ಚಲಿಲ್ಲವಂತೆ, ಬಕೆಟ್ಟು ತಂದು ತೂತಿನ ಕೆಳಗೆ ಇಟ್ಟಳಂತೆ. 'ಧೈರ್ಯವಂತೆ' ಎಂದು ಬರೆದಿದ್ದೀರಿ. ನಾನೂ ಆ ಚೌಕಿಯ ಹಿಂದಿನ ಮನೆಯಲ್ಲಿ ಬಾಳಿದವಳು. ಹಾವು ಹೊಡೆದಿದ್ದೇನೆ, ನಿಮಗೆ ಜ್ವರ ಏರಿದಾಗ ಒಬ್ಬಳೇ ನಿಮ್ಮನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ರಸ್ತೆಗೆ ತಂದಿದ್ದೇನೆ. ಅದಕ್ಕೆ ನೀವು ಹೇಳಿದ್ದು, ಗಾಡಿ ತುಂಬ ಕುಲುಕುತ್ತೆ ಅಂತ.

ಇರಲಿ. ಇಲ್ಲಿಯ ಸುದ್ದಿ ಕೇಳಿ.

ಗಡಿ ಕಚೇರಿಗೆ ನಾನು ಎಷ್ಟು ಸಲ ಅಲೆದಿದ್ದೇನೆ ಎಂದು ನಿಮಗೆ ಬರೆದಿರಲಿಲ್ಲ. ಬರೆದರೆ ಮೂಗು ತೂರಿಸಬೇಡ ಎನ್ನುತ್ತಿದ್ದಿರಿ. ಅಲ್ಲಿಯ ಬೆಂಚಿನ ಮೇಲೆ ಕೂತೂ ಕೂತೂ ಜವಾನ ನನಗೆ ನೀರು ತಂದುಕೊಡುವಷ್ಟು ಪರಿಚಯವಾಗಿದೆ. ದೊಡ್ಡ ಸಾಹೇಬರು ಒಳ್ಳೆಯವರೇ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಬಂದೂಕಿನವರು ನಮ್ಮ ನೆಲದಲ್ಲಿ, ನಮ್ಮ ಬೇಲಿಯ ಮೇಲೆ ಬಟ್ಟೆ ಒಣಹಾಕಿಕೊಂಡು ಇದ್ದಾರೆ ಎಂದೆ. "ಗಮನದಲ್ಲಿದೆ" ಎಂದರು. ಅವರು ಗುಂಡು ಹಾರಿಸಿದರೂ ಚೌಕಿಯವರು ತಿರುಗಿ ಹಾರಿಸುವಂತಿಲ್ಲ ಎಂದೆ. "ಪರಿಶೀಲನೆಯಲ್ಲಿದೆ" ಎಂದರು. ಮೇಲಿನ ಚೌಕಿಯ ಯಜಮಾನರನ್ನು ಕೊಂದುಹಾಕಿದರಲ್ಲ ಎಂದೆ. ಅದಕ್ಕೆ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಮಂತ್ರಿಗಳು ರೇಡಿಯೋದಲ್ಲಿ ತೀವ್ರವಾಗಿ ಖಂಡಿಸಿದ್ರಲ್ಲಮ್ಮ, ನೀವು ಕೇಳಿಸ್ಕೊಳ್ಳಲಿಲ್ವಾ" ಎಂದರು. ಕೇಳಿಸಿಕೊಂಡಿದ್ದೆ. ಬಂದೂಕಿನವರೂ ಕೇಳಿಸಿಕೊಂಡಿರಬೇಕು, ಶೆಡ್ಡಿನಲ್ಲಿ ಸರ್ಕಾರದ್ದೇ ರೇಡಿಯೋ ಇದೆ. ಹತ್ತು ಜನ ಕಳಿಸಿ ಎಂದರೆ ಜೀಪಿಗೆ ಪೆಟ್ರೋಲಿಲ್ಲ. ಚೌಕಿ ಖಾಲಿ ಮಾಡಿಸಿ ಎಂದರೆ, ಛೆ, ಒಂದಂಗುಲ ನೆಲವನ್ನೂ ಬಿಟ್ಟುಕೊಡುವುದಿಲ್ಲ ಎಂದು ಮಂತ್ರಿಗಳು ಹೇಳಿಬಿಟ್ಟಿದ್ದಾರೆ. ಆ ಅಂಗುಲದ ಮೇಲೆ ನಿಂತಿರುವುದು ನೀವು, ಮಂತ್ರಿಗಳಲ್ಲ.

ಹೊಳೆ ಇಳಿದ ಮೇಲೆ ಉಳಿದವರೂ ದಾಟಿ ಬರುತ್ತಾರೆ, ಅಷ್ಟರೊಳಗೆ ಚೌಕಿ ಖಾಲಿ ಮಾಡಿ ಎಂದು ಅವರು ಹೇಳಿ ಕಳಿಸಿದ್ದನ್ನು ನೀವು ನನಗೆ ಬರೆಯಲೇ ಇಲ್ಲ. ಕುಳ್ಳನ ಬಾಯಿಂದ ತಿಳಿಯಬೇಕಾಯಿತು. ನೀರು ಈಗಾಗಲೇ ಮೊಣಕಾಲಿಗೆ ಇಳಿದಿದೆಯಂತೆ. ನೀವು ಮಾತ್ರ ಆದೇಶ ಬಂದಿಲ್ಲ, ಆದೇಶ ಬಂದಿಲ್ಲ ಎನ್ನುತ್ತ ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದೀರಂತೆ. ಅವಳು ಪಕ್ಕದಲ್ಲಿ ಕೂತು ನಿಮ್ಮ ಕೋಟಿನ ತೋಳು ಹೊಲಿಯುತ್ತಿದ್ದಳಂತೆ. ಎರಡೂ ಸುದ್ದಿಯನ್ನು ಕುಳ್ಳ ಒಂದೇ ಉಸಿರಿನಲ್ಲಿ ಹೇಳಿದ. ಯಾವುದಕ್ಕೆ ಮೊದಲು ಎದೆ ಧಸಕ್ಕೆಂದಿತು ಎಂದು ಕೇಳಬೇಡಿ, ಹೇಳಲು ನಾಚಿಕೆಯಾಗುತ್ತದೆ.

ಈಗ ಮುಖ್ಯ ವಿಷಯ. ಬುಧವಾರ ಕಚೇರಿಯ ಜೀಪು ಅಲ್ಲಿಗೆ ಬರುತ್ತದೆ. ಪೆಟ್ರೋಲು ಹಾಕಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಮೇಲೆ ಯಾರೋ ದೂರು ಕೊಟ್ಟಿದ್ದಾರಂತೆ. ವಶದಲ್ಲಿರುವ ಹೆಂಗಸಿನ ಜೊತೆ ಚೌಕಿಯ ಯಜಮಾನರ ನಡತೆ ಸರಿಯಿಲ್ಲ ಅಂತ. ಪತ್ರಿಕೆಯವರ ಕಿವಿಗೆ ಬಿದ್ದರೆ ಇಲಾಖೆಯ ಮಾನ ಹೋಗುತ್ತದೆ ಎಂದು ಸಾಹೇಬರು ತಡಬಡಾಯಿಸಿ ಸಹಿ ಹಾಕಿದ್ದಾರೆ. ನೀವು, ಕುಳ್ಳ, ಅವಳು, ಮೂವರೂ ವಿಚಾರಣೆಗೆ ಬರಬೇಕು. ಅವಳನ್ನು ಇಲ್ಲಿಯ ಮಹಿಳಾ ನಿಲಯದಲ್ಲಿ ಇರಿಸುತ್ತಾರೆ, ಹೊಳೆಯಾಚೆ ಅಟ್ಟುವುದಿಲ್ಲ. ಅದನ್ನು ನಾನು ಕೇಳಿ ಗಟ್ಟಿ ಮಾಡಿಕೊಂಡೆ. ಕಾಯಲು ಬೇರೆ ಯಾರೂ ಇಲ್ಲದ್ದರಿಂದ ಚೌಕಿಗೆ ಬೀಗ ಹಾಕಿ ಬರಬೇಕಂತೆ. ಮಂತ್ರಿಗಳ ಅಂಗುಲ ಆಗ ಯಾರಿಗೂ ನೆನಪಾಗಲಿಲ್ಲ.

ನಿಮ್ಮ ಹಠ ನನಗೆ ಗೊತ್ತಿಲ್ಲವೇ? ಮಾನ ಹೋದರೂ ಸರಿ, ಜಾಗ ಬಿಡುವುದಿಲ್ಲ ಎಂದು ಜೀಪು ಖಾಲಿ ಕಳಿಸುವ ಯೋಚನೆ ಈ ಸಾಲು ಓದುವಾಗಲೇ ನಿಮ್ಮ ತಲೆಯಲ್ಲಿ ಬಂದಿರುತ್ತದೆ. ಹಾಗೆ ಮಾಡಬೇಡಿ. ಕೈಮುಗಿಯುತ್ತೇನೆ. ಇಷ್ಟು ದಿನ ಆದೇಶ, ಆದೇಶ ಎಂದು ಕಾದಿರಿ, ಇದೂ ಆದೇಶವೇ. ನಿಮಗೆ ಬೇಕಾದ್ದು ಇದಲ್ಲದಿರಬಹುದು. ಸರ್ಕಾರದ ಕೈಲಿ ಕೊಡಲು ಆದದ್ದು ಇಷ್ಟೇ. ಬಂದು ನನ್ನ ಮುಂದೆ ಹಾರಾಡಿ, ತಟ್ಟೆ ಎಸೆಯಿರಿ, ತಿಂಗಳುಗಟ್ಟಲೆ ಮಾತು ಬಿಡಿ. ಮಾತು ಬಿಡಲಿಕ್ಕಾದರೂ ಮನುಷ್ಯ ಎದುರಿಗೆ ಇರಬೇಕಲ್ಲ. ಮೇಲಿನ ಚೌಕಿಯವರ ಹೆಂಡತಿಯನ್ನು ಅದೇ ಬೆಂಚಿನ ಮೇಲೆ ನೋಡಿದೆ, ಪಿಂಚಣಿ ಕೇಳಲು ಬಂದಿದ್ದಳು. ಅವಳ ಗಂಡನೂ ಆದೇಶಕ್ಕೆ ಕಾಯುತ್ತಿದ್ದವನೇ. ಅವಳಿಗೆ ನನ್ನ ಹಾಗೆ ಹೊಟ್ಟೆ ಉರಿದುಕೊಳ್ಳುವ ಭಾಗ್ಯವೂ ಉಳಿದಿಲ್ಲ.

ಜೀಪಿನಲ್ಲಿ ಕುಳ್ಳನನ್ನು ನಡುವೆ ಕೂರಿಸಿಕೊಳ್ಳಿ. ನನ್ನ ಸ್ವೆಟರು ನಿನ್ನ ಹತ್ತಿರವೇ ಇರಲಿ ಎಂದು ಅವಳಿಗೆ ಹೇಳಿ. ದಾರಿಯಲ್ಲಿ ಚಳಿ.

ದಾರಿ ಕಾಯುತ್ತಿರುವ,
ಇನ್ನೂ ನಿಮ್ಮವಳೇ ಆದ ನಾನು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ದೂರು ಕೊಟ್ಟ ಆ ಯಾರೋ ನಾನೇ. ಬಂದೂಕಿನವರ ವಿಷಯ ಎಷ್ಟು ಹೇಳಿದರೂ ಆ ಕಚೇರಿಯಲ್ಲಿ ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಗಂಡ ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದ ಕೂಡಲೇ ಸಾಹೇಬರು ಎದ್ದು ಬಾಗಿಲು ಹಾಕಿಕೊಂಡರು. ನಿಜವೇ ಎಂದು ಕೇಳಿದರು. ನಿಮ್ಮನ್ನು ಅಲ್ಲಿಂದ ಎಬ್ಬಿಸಲು ಸುಳ್ಳು ಹೇಳಬೇಕೆಂದೇ ಹೋಗಿದ್ದೆ, ಹೌದು ಎಂದೆ. ಆದರೆ ಹೇಳುತ್ತ ಹೇಳುತ್ತ ಅಳು ಬಂತು, ಆ ಅಳುವನ್ನು ನಾನು ಮನೆಯಿಂದ ಯೋಚಿಸಿಕೊಂಡು ಹೋಗಿರಲಿಲ್ಲ. ನಾನು ಹೇಳಿದ್ದು ನಿಜವಾಗಿದ್ದರೆ ನನಗೆ ಯಾವತ್ತೂ ಹೇಳಬೇಡಿ. ಸುಳ್ಳಾಗಿದ್ದರೆ ಬುಧವಾರ ಬಂದು ಬೈಯಿರಿ.