ಬಾಗಿ ಚಿಕ್ಕಮ್ಮನ ದವಡೆ ಹಲ್ಲು

ಜುಲೈ 3, ಗುರುವಾರ

ಇವತ್ತೂ ಪೇಶೆಂಟ್ ಕೈಕೊಟ್ಟ. ಫೋನ್ ಸ್ವಿಚ್ ಆಫ್. ದವಡೆ ಹಲ್ಲಿನ ಒಂದು ರೂಟ್ ಕೆನಾಲ್ ಪೂರ್ತಿ ಮಾಡಿ ಸಹಿ ಹಾಕಿಸಿಕೊಳ್ಳದಿದ್ದರೆ ಇಂಟರ್ನ್‌ಶಿಪ್ಪಿನ ಈ ಪೋಸ್ಟಿಂಗ್ ರಿಪೀಟ್. ನನ್ನ ಬ್ಯಾಚಿನ ರಿತೇಶ್ ತನ್ನ ಬಿಲ್ಡಿಂಗಿನ ವಾಚ್‌ಮನ್ನನ್ನೇ ಎಳೆದು ತಂದ. ಎಲ್ಲರೂ ಹೀಗೇ — ನೆಂಟರು, ನೆರೆಯವರು, ಯಾರ ಹಲ್ಲು ಹುಳುಕೋ ಅವರು. ಥೂ, ಎಂಥ ಓದು.

ಕಲ್ಯಾಣದ ಬಾಗಿ ಚಿಕ್ಕಮ್ಮನಿಗೆ ಕೆಳದವಡೆ ನೋವಂತೆ. ಅಮ್ಮ ಹೇಳಿದಳು. ಸಂತೋಷವಾಯಿತು. ನೋವೆಂದರೆ ಸಂತೋಷ…

ಜುಲೈ 7

ಚಿಕ್ಕಮ್ಮ ಬಂದಳು. ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ಸೆರಗಿನಿಂದ ಕೆನ್ನೆ ಒತ್ತಿಕೊಂಡು. ಶುಗರ್ ಬೇರೆ ಇದೆ. ಬೆಂಚಿನಲ್ಲಿ ಕೂತವರಿಗೆಲ್ಲ ನಮ್ಮ ಅಕ್ಕನ ಮಗಳೇ ಡಾಕ್ಟರ್ ಎಂದಳಂತೆ, ಹಿಂದಿಯಲ್ಲಿ.

ಹಲ್ಲಿನ ಬೇರಿನೊಳಗೆ ಮೂರು ಕೆನಾಲ್ ಸಿಕ್ಕವು. ನಾಲ್ಕನೆಯದಿರಬಹುದು, ಹುಡುಕು ಎಂದರು ಸಹಿ ಹಾಕಬೇಕಾದ ಮಾನಸಿ ಮ್ಯಾಡಮ್. ಹುಡುಕಿದೆ. ಸಿಗಲಿಲ್ಲ. ಔಷಧಿ ಇಟ್ಟು ಮುಚ್ಚಿದೆ.

ಜುಲೈ 12, ಶನಿವಾರ

ಪೋಸ್ಟಿಂಗಿನ ಕೊನೆಯ ದಿನ. ನೋವಿದ್ದರೆ ಹಲ್ಲು ತುಂಬುವಂತಿಲ್ಲ. ನೋವಿದೆಯಾ ಎಂದು ಚಿಕ್ಕಮ್ಮನನ್ನು ಮ್ಯಾಡಮ್ ಮರಾಠಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ.

"ಎಂತ ಸಹ ಇಲ್ಲ ಮಗಾ. ನೀನು ಮುಗಿಸು."

ಹಲ್ಲಿನ ಮೇಲೆ ತಟ್ಟಿ ನೋಡಿದೆ. ಕಣ್ಣು ಮಿಟುಕಿಸಲಿಲ್ಲ. ಕೆನಾಲಿಗೆ ಇಳಿಸಿದ ಕಾಗದದ ಕಡ್ಡಿ ಒದ್ದೆಯಾಗಿ ಬಂತು. ಇನ್ನೊಂದು — ಅದೂ ಒದ್ದೆ, ಅಂದರೆ ಒಳಗೆ ಸೋಂಕು ಇನ್ನೂ ಇದೆ. ಆಮೇಲಿನದು ಒಣಗಿತ್ತು. ಅದನ್ನಷ್ಟೇ ಮ್ಯಾಡಮ್‌ಗೆ ತೋರಿಸಿದೆ.

ತುಂಬಿದೆ. ಎಕ್ಸ್‌ರೇ ಚಂದ ಬಂತು. ಸಹಿ ಬಿತ್ತು. ಚಿಕ್ಕಮ್ಮ ನನ್ನ ತಲೆ ಸವರಿದಳು.

ಜುಲೈ 20

ಚಿಕ್ಕಮ್ಮನ ಮಗಳು ತನ್ವಿ ಫೋನ್ ಮಾಡಿ ಅಳುತ್ತಿದ್ದಳು. ಮಮ್ಮಿಯ ಗಂಟಲು ಊದಿದೆ, ಎಂಜಲೂ ನುಂಗಲಾಗುತ್ತಿಲ್ಲ. ನೋವು ಒಂದು ದಿನವೂ ನಿಂತಿರಲಿಲ್ಲವಂತೆ. ಆ ಶನಿವಾರ ಕಲ್ಯಾಣ ಸ್ಟೇಷನ್ನಿನಲ್ಲೇ ನೋವಿನ ಮಾತ್ರೆ ನುಂಗಿ ಗಾಡಿ ಹತ್ತಿದ್ದಳಂತೆ. ಪಾಪ, ಹುಡುಗಿಯ ಕೇಸು ನನ್ನಿಂದ ಕೆಡಬಾರದು ಎಂದು.

ಅಯ್ಯೋ ಚಿಕ್ಕಮ್ಮ. ನೀನು ಸುಳ್ಳು ಹೇಳಿದೆ. ನನಗೂ ಅದೇ ಬೇಕಿತ್ತು.

ಜುಲೈ 21, ಥಾಣೆಯ ಆಸ್ಪತ್ರೆ

ಕುತ್ತಿಗೆ ಕೊಯ್ದು ಕೀವು ತೆಗೆಯಬೇಕಂತೆ. ಉಸಿರಿನ ದಾರಿ ಕಟ್ಟಬಹುದಂತೆ. ಹಲ್ಲು ಯಾರು ನೋಡಿದ್ದು, ಒಳಗೆ ಏನೇನು ಮಾಡಿದ್ದಾರೆ — ಸರ್ಜನ್ ಕೇಳಿದರು. ಚಿಕ್ಕಮ್ಮನ ಬಾಯಿ ಬೆರಳಗಲವೂ ತೆರೆಯದು. ಆದರೂ ತೊದಲಿದಳು, ಕಲ್ಯಾಣದಲ್ಲಿ ಯಾರೋ ಒಬ್ಬ, ಹೆಸರು ನೆನಪಿಲ್ಲ ಎಂದು. ನನ್ನನ್ನೇ ನೋಡಿ, ಸುಮ್ಮನಿರು ಎಂಬಂತೆ ಕೈ ಆಡಿಸಿದಳು.

ಸುಮ್ಮನಿದ್ದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಅದೇ ದಿನ, ಸಂಜೆ

ಚಿಕ್ಕಮ್ಮನನ್ನು ಆಪರೇಶನ್ನಿಗೆ ಒಳಗೆ ಕರೆದೊಯ್ದರು. ದಯಾನಂದ ಚಿಕ್ಕಪ್ಪ ತಾವು ಕೆಲಸ ಮಾಡುವ ನೌಪಾಡಾದ ಹೋಟೆಲಿನಿಂದ ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದಾರೆ. ಒಂದು ಬೈಗುಳ ಬೈದಿದ್ದರೆ ಸಾಕಿತ್ತು.

"ಡಾಕ್ಟ್ರು ಹೇಳುದು ನಂಗೆ ಎಂತ ಸಹ ಗೊತ್ತಾಗುದಿಲ್ಲ ಮಗಾ. ನೀನು ಇದ್ದಿ ಅಲ್ಲ, ನೀನೇ ಮಾತಾಡು."

ತಲೆಯಾಡಿಸಿದೆ. ಆಪರೇಶನ್ ಕೋಣೆಯ ಬಾಗಿಲು ತೆರೆಯುತ್ತಿದೆ. ಸರ್ಜನ್‌ಗೆ ಹೇಳುತ್ತೇನೆ. ಆ ಹಲ್ಲು ನಾನೇ…