ಗಲ್ಲ ಎತ್ತಿ ಮಾಮನ ಕಂಪ್ಯೂಟರ್

ಮನೆ,
ಒಂಬತ್ತನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಬಿಚ್ಚಣ್ಣನಿಗೆ,

ಹೇಗಿದ್ದೀಯಪ್ಪ? ಸೊಂಟ ನೋವು ಅಂದಿದ್ದೆಯಲ್ಲ, ಕಡಿಮೆಯಾಯಿತೇ? ಹಗಲೆಲ್ಲ ಗೋದಾಮಿನಲ್ಲಿ ನಿಂತು ಸರಕು ಇಳಿಸಿಕೊಂಡು, ಸಂಜೆ ಆ ಗಾಜಿನ ಬಾಗಿಲಿನ, ಬಣ್ಣದ ದೀಪದ ಕಂಪ್ಯೂಟರಿನ ಮುಂದೆ ಬಗ್ಗಿ ಕೂತು ಆಟ ಆಡಿದರೆ ಸೊಂಟ ತಾನೇ ಏನು ಮಾಡೀತು ಪಾಪ. ಸೊಸೆಯ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಾತ್ರ ನನಗಿಂತ ಮೊದಲು ನನ್ನ ಮಂಡಿ ಮಾತಾಡುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಹೇಳಮ್ಮ, ಬೇಗ ಹೇಳು" ಅಂದ ಕೂಡಲೇ ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನೀನು ಕಂಪ್ಯೂಟರ್ ಜೋಡಿಸಿಕೊಟ್ಟ ದಿನ ನೆನಪಿದೆಯಾ? ಹಜಾರದಲ್ಲಿ ಹಳೇ ಹಾಸು ಹಾಸಿ, ಡಬ್ಬಗಳನ್ನೆಲ್ಲ ಸುತ್ತ ಹರಡಿಕೊಂಡು, ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಕೂತಿದ್ದೆ. ಆರು ವರ್ಷದವನಿದ್ದಾಗ ರೇಡಿಯೋ ಬಿಚ್ಚಿ ನಿಮ್ಮಪ್ಪನಿಂದ ಈ ಅಡ್ಡಹೆಸರು ಸಂಪಾದಿಸಿದ್ದೆಯಲ್ಲ, ಅದೇ ಭಂಗಿ. ನೀನು ಅಂಗಡಿಯವನಿಗೆ ಫೋನು ಮಾಡಿ, "ಮನೇಲಿ ವಯಸ್ಸಾದವರಿಗೆ ಕಣ್ರೀ. ಇರೋದ್ರಲ್ಲಿ ಅಗ್ಗದ್ದು ಕೊಡಿ, ಅವರಿಗೆ ಇಷ್ಟು ಸಾಕು" ಅಂದಾಗ ನಾನು ಅಡುಗೆಮನೆಯಲ್ಲಿದ್ದೆ. ಕೇಳಿಸಿತು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ಸುಮ್ಮನಾದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನಗಂತೂ ಆ ತಗಡಿನ ಪೆಟ್ಟಿಗೆಯೂ ಮುದ್ದಾಗಿಯೇ ಕಂಡಿತ್ತು. ರ‍್ಯಾಮ್ ಅನ್ನುವ ಹಸಿರು ಪಟ್ಟಿಗಳನ್ನು ತೋರಿಸಿ, "ನೋಡಮ್ಮ, ಎರಡು ಹಾಕ್ತಾ ಇದೀನಿ. ಎರಡಿದ್ರೆ ಓಡುತ್ತೆ, ಒಂದೇ ಆದ್ರೆ ಕುಂಟುತ್ತೆ" ಅಂದೆ. ಎರಡನೆಯದನ್ನು ನನ್ನ ಕೈಯಿಂದಲೇ ಒತ್ತಿಸಿದೆ, ಎರಡೂ ತುದಿಯಲ್ಲಿ ಟಿಕ್ ಅನ್ನುವವರೆಗೆ. ಎಷ್ಟು ಚೆನ್ನಾಗಿ ಕಲಿಸಿದ್ದೆ ಮಾರಾಯ!

ನಾವು ಅದರಲ್ಲಿ ಏನು ಮಾಡುತ್ತೇವೆ ಅಂತ ಮಾತ್ರ ನೀನು ಕೇಳಲಿಲ್ಲ. ನಿಮ್ಮಪ್ಪನೂ ಹೇಳಲಿಲ್ಲ, ಮುಗಿದ ಮೇಲೆ ನಿನಗೆ ತೋರಿಸಿ ಬೆರಗುಗೊಳಿಸಬೇಕು ಅಂತ. ತಮ್ಮ ಫೋಟೋ ಸ್ಟುಡಿಯೋ ಮುಚ್ಚಿದಾಗ ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ತುಂಬಿ ಅಟ್ಟಕ್ಕೆ ಹಾಕಿದ್ದ ನೆಗೆಟಿವ್‌ಗಳನ್ನು, ನೀನು ಬಸ್ಸು ಹತ್ತಿದ ಮಾರನೆಯ ದಿನವೇ ಕೆಳಗಿಳಿಸಿದರು. ಈ ಬೀದಿಯವರ, ಹಿಂದಿನ ಬೀದಿಯವರ, ಸತ್ತವರ, ಬದುಕಿದವರ ಮುಖಗಳೆಲ್ಲ ಅದರಲ್ಲಿವೆ. ಒಂದರ ಮೇಲೂ ಹೆಸರಿಲ್ಲ, ಎಲ್ಲ ನಿಮ್ಮಪ್ಪನ ತಲೆಯಲ್ಲಿ. ಅವರ ಕಣ್ಣಿನ ಡಾಕ್ಟರು ಆಗಲೇ ಹೇಳಿದ್ದರು: ನೋಟದ ನಡುಭಾಗ ಮಸುಕಾಗುತ್ತಾ ಹೋಗುತ್ತದೆ, ಆಪರೇಷನ್ನಿಗೆ ಬಗ್ಗುವುದಲ್ಲ, ನೋಡುವುದೇನಿದ್ದರೂ ಈಗಲೇ ನೋಡಿಬಿಡಿ. ನಿನಗೆ ಫೋನಿನಲ್ಲಿ ಹೇಳಿದ್ದೆ. "ವಯಸ್ಸಾಯ್ತಲ್ಲಮ್ಮ" ಅಂದಿದ್ದೆ. ಕೈಯಲ್ಲಿ ಹಿಡಿದರೆ ಅವರಿಗೆ ಏನೂ ಕಾಣದಿದ್ದ ನೆಗೆಟಿವ್, ಸೆಕೆಂಡ್ ಹ್ಯಾಂಡ್ ಸ್ಕ್ಯಾನರಿನಲ್ಲಿ ಇಟ್ಟು ಪರದೆ ತುಂಬ ದೊಡ್ಡದು ಮಾಡಿದರೆ ಕಾಣುತ್ತಿತ್ತು. ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದರು. "ಇದು ಹಾಲಿನವನ ಎರಡನೇ ಮಗಳು, ಮದುವೆಗೆ ಮುಂಚೆ ತೆಗ್ದಿದ್ದು. ಗಲ್ಲ ಎತ್ತಿ ಅಂದ್ರೆ ಹುಬ್ಬು ಎತ್ತಿದ್ಲು!" ಅಂತ ಹೇಳಿ ತಾವೇ ನಗುವುದು. ನಾನು ಪಕ್ಕದಲ್ಲಿ ಕೂತು ಅದನ್ನೆಲ್ಲ ಫೋಟೋದ ಕೆಳಗೆ ಟೈಪು ಮಾಡುವುದು. ಆಫೀಸಿನಲ್ಲಿ ಯಾರ ಯಾರದೋ ನೋಟೀಸು ಕುಟ್ಟಿದ ಬೆರಳುಗಳಿಗೆ ಅಂತೂ ಒಂದು ಒಳ್ಳೆಯ ಕೆಲಸ ಸಿಕ್ಕಿತು ಅಂದುಕೊಂಡೆ. ಎಲ್ಲರಿಗೂ ಗಲ್ಲ ಎತ್ತಿ ಅಂದು ಅಂದೇ ಅವರಿಗೆ ಅದೇ ಹೆಸರು ಬಿತ್ತಲ್ಲ; ಸುದ್ದಿ ಹಬ್ಬಿ, "ಗಲ್ಲ ಎತ್ತಿ ಮಾಮ, ನಮ್ಮ ಅಮ್ಮನ ಫೋಟೋ ಒಂದೂ ಇಲ್ಲ, ಸಿಗುತ್ತಾ?" ಅಂತ ಜನ ಮೆಟ್ಟಿಲು ಹತ್ತಿ ಬರತೊಡಗಿದರು.

ಆಮೇಲೆ ನೀನು ಒಂದು ಮಧ್ಯಾಹ್ನದ ಮಟ್ಟಿಗೆ ಬಂದೆ. "ಧೂಳು ಹೊಡೆದು ಕೊಡ್ತೀನಿ" ಅಂತ ಪೆಟ್ಟಿಗೆ ಬಿಚ್ಚಿದೆ. ಊಟಕ್ಕೂ ಸರಿಯಾಗಿ ಕೂರಲಿಲ್ಲ. ಅಲ್ಲಿಂದ ಶುರುವಾಯಿತು. ಒಂದು ಫೋಟೋ ತೆರೆಯಲು ಬೇಕಾದಷ್ಟು ಹೊತ್ತಿನಲ್ಲಿ ನಾನು ಪಾತ್ರೆ ತೊಳೆದು ಮುಗಿಸುತ್ತಿದ್ದೆ. ದೊಡ್ಡದು ಮಾಡಹೋದರೆ ಪರದೆ ನಿಂತೇಬಿಡುತ್ತಿತ್ತು, ಅಲ್ಲಿಯವರೆಗೆ ಟೈಪು ಮಾಡಿದ್ದೂ ಹೋಗುತ್ತಿತ್ತು. ನಿನ್ನನ್ನು ಕೇಳಿದರೆ "ಆಫ್ ಮಾಡಿ ಆನ್ ಮಾಡಮ್ಮ" ಅನ್ನುವ ಒಂದೇ ಮದ್ದು. ನಿಮ್ಮಪ್ಪ ಏನಂದುಕೊಂಡರು ಗೊತ್ತಾ? ಕಣ್ಣು ಕಾಣದೆ ತಾವೇ ಏನೋ ಒತ್ತಿ ಕೆಡಿಸಿದ್ದು ಅಂತ. "ಮಗ ಕಷ್ಟಪಟ್ಟು ಜೋಡಿಸಿದ್ದು ಕಣೇ, ನಾನು ಹಾಳು ಮಾಡ್ಬಿಟ್ಟೆ. ಅವನಿಗೆ ಹೇಳ್ಬೇಡ" ಅಂದರು. ಜೀವನವೆಲ್ಲ ಕ್ಯಾಮೆರಾ ಹಿಡಿದ ಮನುಷ್ಯ, ಮೌಸ್ ಮುಟ್ಟಲು ಹೆದರಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಡಬ್ಬಗಳು ಮತ್ತೆ ಅಟ್ಟ ಸೇರಿದವು. ಮಳೆಗಾಲ ಹೋಯಿತು, ಚಳಿ ಹೋಯಿತು. ಕಣ್ಣು ಯಾರಿಗೂ ಕಾಯಲಿಲ್ಲ.

ಕೊನೆಗೆ ರಿಪೇರಿಯವಳನ್ನು ಕರೆಸಿದೆ. ಬಿಚ್ಚಿ ನೋಡಿ, "ಆಂಟಿ, ಇಲ್ಲಿ ಎರಡು ರ‍್ಯಾಮ್ ಇತ್ತಾ? ಒಂದು ಜಾಗ ಖಾಲಿ ಇದೆಯಲ್ಲ" ಅಂದಳು. ನಾನೇ ಟಿಕ್ ಅನ್ನಿಸಿದ ಜಾಗ, ನನಗೆ ಗೊತ್ತಿಲ್ಲವೇ? ಅವಳು ಹೋದ ಮೇಲೆ ನಿನಗೆ ಫೋನು ಮಾಡಿದೆ. ನೀನು ಸುಳ್ಳನ್ನೂ ಹೇಳಲಿಲ್ಲ, ಅಷ್ಟರ ಮಟ್ಟಿಗೆ ಸತ್ಯವಂತ. "ಹೂಂ ಅಮ್ಮ, ನನ್ನದಕ್ಕೆ ಒಂದು ಬೇಕಿತ್ತು, ತಗೊಂಡೆ. ನೀವೇನು ಅದರಲ್ಲಿ ದೊಡ್ಡ ಕೆಲಸ ಮಾಡ್ತೀರಾ? ನಿಮಗೆ ಅಷ್ಟು ಸಾಕು." ಫೋನು ಸ್ಪೀಕರಿನಲ್ಲಿತ್ತು ಮಗನೇ. ನಿಮ್ಮಪ್ಪ ಎದುರಿಗೇ ಕೂತಿದ್ದರು. ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಒಗೆದ ಬಟ್ಟೆ ಮಡಚತೊಡಗಿದರು, ಇನ್ನೂ ಒಣಗಿರಲಿಲ್ಲ.

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಕೇಳಿದ್ದರೆ ಪೆಟ್ಟಿಗೆಯನ್ನೇ ಕೊಟ್ಟುಬಿಡುತ್ತಿದ್ದ ಮನುಷ್ಯ ಅವರು. ಅಮ್ಮನ ಮನೆಯಿಂದ ತೆಗೆದುಕೊಂಡು ಹೋದದ್ದು ಕಳ್ಳತನವಲ್ಲ ಅನ್ನುತ್ತೀಯೇನೋ. ಇರಲಿ, ನಾನೂ ಹಾಗೆ ಕರೆಯುವುದಿಲ್ಲ. ಆದರೆ ಅವರು ತಮ್ಮನ್ನೇ ತಾವು ಬೈದುಕೊಂಡ ಆ ತಿಂಗಳುಗಳನ್ನು ಯಾವ ಅಂಗಡಿಯಿಂದ ತಂದು ಕೊಡುತ್ತೀಯ? ಹೊಸ ಪಟ್ಟಿ ನಾನೇ ಕೊಂಡು ತಂದು ನಾನೇ ಹಾಕಿದೆ. ಈಗ ಕಂಪ್ಯೂಟರ್ ಓಡುತ್ತದೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪರದೆ ತುಂಬ ಮುಖ ಬಂದರೂ ನಿಮ್ಮಪ್ಪನಿಗೆ ಅಂಚಿನ ಕಿವಿ, ಕೂದಲು ಬಿಟ್ಟರೆ ನಡುವೆ ಬರೀ ಬೂದುಬಣ್ಣ. ಅದಕ್ಕೇ ನಾನು ನೋಡಿ ಹೇಳುತ್ತೇನೆ: ಗುಂಡು ಮುಖ, ಎಡಗೆನ್ನೆಯಲ್ಲಿ ಮಚ್ಚೆ, ಚೌಕಳಿ ಅಂಗಿ. ಅವರು ಊಹಿಸುತ್ತಾರೆ. ಕೆಲವು ಸಿಗುತ್ತವೆ. ಹಲವು ಸಿಗುವುದಿಲ್ಲ. ಹಿಂದಿನ ಬೀದಿಯ ಬೀಗ ರಿಪೇರಿಯವನು ತನ್ನ ಅಮ್ಮನ ಫೋಟೋಕ್ಕಾಗಿ ಮತ್ತೆ ಬಂದಿದ್ದ. ಅವನಿಗೆ ಅಮ್ಮನ ಮುಖ ಗೊತ್ತಿಲ್ಲ, ನಾನು ಅವಳನ್ನು ಕಂಡವಳಲ್ಲ, ಕಂಡವರಿಗೆ ಕಾಣುವುದಿಲ್ಲ. ಈ ಡಬ್ಬಗಳಲ್ಲಿ ಎಲ್ಲೋ ಇದ್ದಾಳೆ. ಬರಿಗೈಯಲ್ಲಿ ಕಳಿಸಿದೆವು.

ಸೊಸೆಗೂ ಮಗುವಿಗೂ ನನ್ನ ಆಶೀರ್ವಾದ ಹೇಳು. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ, ಬಗ್ಗಿ ಭಾರ ಎತ್ತಬೇಡ. ನೂರು ಕಾಲ ಚೆನ್ನಾಗಿರು, ಕಣ್ಣು ಚೆನ್ನಾಗಿಟ್ಟುಕೋ.

ನಿನ್ನ
ಅಮ್ಮ

ಮರೆತ ಮಾತು: ಅಂಚೆ ಡಬ್ಬ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇವತ್ತು ಬೆಳಗ್ಗೆ ಸ್ಕ್ಯಾನರಿನಲ್ಲಿ ಒಂದು ಮಗುವಿನ ಫೋಟೋ ಬಂತು. ಹಾಸಿನ ಮೇಲೆ ಕೂತಿದೆ, ಸುತ್ತ ರೇಡಿಯೋ ಚೂರುಗಳು, ಬಾಯಲ್ಲಿ ಸ್ಕ್ರೂಡ್ರೈವರ್. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹಾಲಿನವನ ಮಗಳಿಗೂ ಅರ್ಧ ಪುಟ ಬರೆಸಿದವರು, ನಿನಗೆಷ್ಟು ಬರೆಸುತ್ತಾರೋ ಅಂತ ಕೀಲಿಗಳ ಮೇಲೆ ಬೆರಳಿಟ್ಟು ಕಾದೆ. "ಹೆಸರು ಬರಿ. ಅವನಿಗೆ ಅಷ್ಟು ಸಾಕು. ಮುಂದಿನದು ಹಾಕು" ಅಂದರು. ಹೆಸರು ಬರೆದೆ. ಮುಂದಿನದು ಹಾಕಿದೆ.