ಹೊಲಿಗೆ ಇಲ್ಲದ ಅಂಗಿ

೧೪-೯-೧೯೫೬, ಶುಕ್ರವಾರ. ಬೆಟಗೇರಿ. ಮಧ್ಯಾಹ್ನ ೨

ಬೈಬಲಿನ ಯೆಹೆಜ್ಕೇಲನ ಮೂರು ಅಧ್ಯಾಯ ಮುಗಿಯಿತು. ದೇವಾಲಯದ ಅಳತೆ. ಬಾಗಿಲು ಇಷ್ಟು ಮೊಳ, ಗೋಡೆ ಇಷ್ಟು ಮೊಳ... ಎರಡು ಸಲ ತೂಕಡಿಸಿದೆ. ಎಚ್ಚರಾದ ಮೇಲೆ ಕಾರ್ಡಿನಲ್ಲಿ ಗೀಟು ಹಾಕಿದೆ.

ಕಾರ್ಡು ಹೇಮಪ್ಪ ಮಾಸ್ತರರ ಏರ್ಪಾಡು. ಸಾಲಿಯಿಂದ ನಿವೃತ್ತರಾದವರು ಈಗ ನಮ್ಮ ಸಭೆಯ ಹಿರಿಯರು. ದಿನಕ್ಕೊಂದು ಚೌಕ, ಚೌಕಕ್ಕೆ ಮೂರು ಅಧ್ಯಾಯ, ಓದಿದ್ದಕ್ಕೆ ನೀಲಿ ಪೆನ್ಸಿಲಿನ ಗೀಟು. ವರ್ಷದ ಕೊನೆಯ ರವಿವಾರ ಆರಾಧನೆ ಮುಗಿದ ಮೇಲೆ ಎಲ್ಲರೆದುರು ಹೆಸರು ಕೂಗುತ್ತಾರಂತೆ. ಕಾರ್ಡು ತುಂಬದವರು ಇನ್ನೊಬ್ಬರಿಗೆ ಬೈಬಲ್ ಹೇಳಿಕೊಡುವ ಹಾಗಿಲ್ಲ. ಇದು ಯಾರ ತಲೆಯ ಮೇಲೆ ಬೀಸಿದ ದೊಣ್ಣೆ ಅಂತ ನನಗೆ ಗೊತ್ತು. ಗುರುವಾರದ ಹೆಂಗಸರ ಕೂಟ ಹನ್ನೊಂದು ವರ್ಷದಿಂದ ನನ್ನದು. ಹೇಳಿಕೊಡುವವಳು ನಾಲ್ಕನೇ ಇಯತ್ತೆ ಓದಿದ ನೇಕಾರಳು ಅನ್ನುವುದು ಮಾಸ್ತರರಿಗೆ ಸೇರದು.

ಕೂಟ ಬಿಡಲಾರೆ. ಅದಕ್ಕೇ ಗೀಟು. ಜುಲೈ ತಿಂಗಳಲ್ಲಿ ಏನು ಓದಿದೆ ಅಂತ ಕೇಳಿದರೆ — ಒಂದಕ್ಷರ ನೆನಪಿಲ್ಲ.

ಅದೇ ದಿನ, ಸಂಜೆ

ಮಗ್ಗದ ಮುಂದೆ ಕೂತಿದ್ದೆ. ತೊಡೆಯ ಮೇಲಿನ ಬೈಬಲ್ ಜಾರಿ ಕಾಲು ಇಳಿಬಿಡುವ ಕುಣಿಗೆ ಬಿತ್ತು. ಎತ್ತಿದಾಗ ತೆರೆದಿದ್ದ ಪುಟ ಯೋಬನದು. ನನ್ನ ದಿನಗಳು ಲಾಳಿಗಿಂತ ಬೇಗ ಓಡುತ್ತಿವೆ ಅಂತ ಅಳುತ್ತಾನೆ.

ನಕ್ಕುಬಿಟ್ಟೆ. ಅಪ್ಪಾ ಯೋಬ, ನೀನು ಮಗ್ಗದ ಹತ್ತಿರ ಕೂತವನಲ್ಲ. ಲಾಳಿ ಎಲ್ಲಿ ಓಡುತ್ತದೆ? ನೂಲು ಹರಿಯುತ್ತದೆ, ಗಂಟು ಹಾಕು. ಮತ್ತೆ ಹರಿಯುತ್ತದೆ... ಆಮೇಲೆ ಆ ಸಾಲಿನ ಕೊನೆ ಓದಿದೆ. ನಿರೀಕ್ಷೆಯಿಲ್ಲದೆ ಮುಗಿಯುತ್ತವೆ ಅನ್ನುತ್ತಾನೆ. ಆಗ ನಗು ನಿಂತಿತು. ಇವನು ದೂರದಿಂದ ನೋಡಿದವನಲ್ಲ, ನೂಲು ಮುಗಿದ ದಿನದ ನೇಕಾರನನ್ನು ಕಂಡವನು.

ದೀಪ ಹಚ್ಚುವವರೆಗೂ ಅವನ ಕೂಡ ಜಗಳ ಆಡಿದೆ. ಎಷ್ಟು ವರ್ಷವಾಗಿತ್ತು ಹೀಗೆ ಓದಿ!

೧೫-೯-೫೬

ಇವತ್ತು ಗೀಟು ಇಲ್ಲ.

೪-೧೦-೫೬, ಗುರುವಾರ

ಇಪ್ಪತ್ತು ದಿನ ಬರೆದಿಲ್ಲ. ಬರೆಯಲು ಪುರುಸೊತ್ತೆಲ್ಲಿ, ಓದುವುದೇ ಆಗಿದೆ! ಬೈಬಲಿನಲ್ಲಿ ಎಲ್ಲೆಲ್ಲಿ ಮಗ್ಗವಿದೆಯೋ ಅಲ್ಲೆಲ್ಲ ಹೋಗಿಬಂದೆ. ದೈತ್ಯ ಗೊಲ್ಯಾತನ ಈಟಿಯ ಹಿಡಿ ನಾವು ನೇಕಾರರು ಬಟ್ಟೆ ಸುತ್ತುವ ಕುಂಟೆಯಷ್ಟು ದಪ್ಪ. ದೆಲೀಲಳು ಮಲಗಿದ್ದ ಬಲಶಾಲಿ ಸಂಸೋನನ ಕೂದಲನ್ನೇ ಮಗ್ಗದ ಹಾಸಿನ ನೂಲಿಗೆ ಸೇರಿಸಿ ನೇಯ್ದಳು — ಆ ಹೆಂಗಸಿನ ಧೈರ್ಯಕ್ಕೆ ಏನನ್ನಬೇಕು. ಬೆಳಗ್ಗೆ ಏಳುವಾಗಲೇ ಪುಸ್ತಕದ ನೆನಪಾಗುತ್ತದೆ. ಮದುವೆಯಾದ ಹೊಸತರಲ್ಲಿ ಇವರು ಪೇಟೆಯಿಂದ ಬರುವುದನ್ನು ಹೀಗೆ ಕಾಯುತ್ತಿದ್ದೆ.

ಈಗ ಯೋಹಾನನಲ್ಲಿ ಸಿಕ್ಕಿಬಿದ್ದಿದ್ದೇನೆ. ಹತ್ತೊಂಬತ್ತನೇ ಅಧ್ಯಾಯ, ಇಪ್ಪತ್ಮೂರನೇ ವಚನ. ಯೇಸುವನ್ನು ಶಿಲುಬೆಗೆ ಹಾಕಿದ ಸಿಪಾಯಿಗಳು ಅವನ ಬಟ್ಟೆ ಹಂಚಿಕೊಂಡರು. ಅಂಗಿಯನ್ನು ಮಾತ್ರ ಹರಿಯಲಿಲ್ಲ, ಚೀಟಿ ಹಾಕಿದರು. ಯಾಕೆಂದರೆ ಅದಕ್ಕೆ ಹೊಲಿಗೆಯೇ ಇರಲಿಲ್ಲ. ಮೇಲಿಂದ ಕೆಳತನಕ ಒಂದೇ ನೇಯ್ಗೆ.

ಹೊಲಿಗೆ ಇಲ್ಲದ ಅಂಗಿ ಮಗ್ಗದ ಮೇಲೆ ಹೇಗೆ ಬರುತ್ತದೆ? ಮಗ್ಗದಿಂದ ಬರುವುದು ಪಟ್ಟಿ. ಪಟ್ಟಿಗೆ ಎರಡು ಅಂಚು. ಅಂಚು ಕೂಡಿಸಬೇಕಾದರೆ ಸೂಜಿ ಬೇಕೇ ಬೇಕು.

ಕೂಟದಲ್ಲಿ ಇದನ್ನೇ ಕೇಳಿದೆ. ಹನ್ನೆರಡು ಜನರಲ್ಲಿ ಒಂಬತ್ತು ಮಂದಿ ನೇಕಾರ ಮನೆಯವರು. ತೂಕಡಿಸುವ ಉಡಚವ್ವ ಕೂಡ ಕಣ್ಣು ಬಿಟ್ಟಳು.

೧೧-೧೦-೫೬

ಉತ್ತರ ಸಿಕ್ಕಿತು. ಸಿಕ್ಕಿದ್ದು ಸಭೆಯವರಿಂದ ಅಲ್ಲ, ಗೋಡೆಯಾಚೆಯ ಕಳಕವ್ವನಿಂದ. ಬನಶಂಕರಿಯ ಒಕ್ಕಲು. ಅಕ್ಷರ ಬಾರದು, ಆದರೆ ನೇಯ್ಗೆಯಲ್ಲಿ ಈ ಓಣಿಗೇ ಗುರು. ಉಪ್ಪು ಕೇಳಲು ಬಂದವಳಿಗೆ ಅಂಗಿಯ ಸಂಗತಿ ಹೇಳಿದೆ. ಉಪ್ಪು ಮರೆತು ಅಲ್ಲೇ ಕುಕ್ಕರಿಸಿದಳು.

"ಎರಡು ಪದರ ಒಮ್ಮಿಗೇ ಹಾಸಬೇಕು. ಲಾಳಿ ಮ್ಯಾಲಿನ ಪದರದಾಗ ಹೋಗಬೇಕು, ಕೆಳಗಿನ ಪದರದಾಗ ಬರಬೇಕು. ಅಂಚಿನ್ಯಾಗ ತಾನ ಕೂಡಕೊಂತೈತಿ. ಸೂಜಿ ಯಾಕ ಬೇಕು?"

ಮೂವತ್ತು ವರ್ಷದಿಂದ ಈ ವಚನ ಕೇಳುತ್ತಿದ್ದೇನೆ. ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ. ಇದನ್ನು ಯಾರೂ ಹೇಳಿರಲಿಲ್ಲ.

೨೦-೧೦-೫೬

ಹಿತ್ತಲ ಹಳೇ ಮಗ್ಗಕ್ಕೆ ಗೇಣಗಲದ ಹಾಸು ಹಾಕಿದೆವು. ಮೊದಲನೇದು ಕೆಟ್ಟಿತು. ವಚನದ ಗುಂಗಿನಲ್ಲಿ ಮಗ್ಗದ ಕಾಲುಮಣೆ ತಪ್ಪಿ ತುಳಿದೆ. ಎರಡು ಪದರ ನಡುವೆಯೇ ಕಚ್ಚಿಕೊಂಡು ಬಾಯಿ ಮುಚ್ಚಿದ ಚೀಲವಾಯಿತು. ಕಳಕವ್ವ ಬೈದಳು. ಬಿಚ್ಚಿ ಮತ್ತೆ ಶುರು.

೧-೧೧-೫೬, ಗುರುವಾರ

ಊರೆಲ್ಲ ಮೆರವಣಿಗೆ. ಕನ್ನಡ ನಾಡು ಇವತ್ತು ಒಂದಾಯಿತು. ಗದಗದ ಕಡೆಯಿಂದ ಬಾಜಾ, ಮೇಲಿಂದ ದೀಪಾವಳಿ. ಶಿರಹಟ್ಟಿಯಿಂದ ಬಂದ ನನ್ನ ತಮ್ಮ ಪಂಚೆಯ ತುಂಬ ಗುಲಾಲು ಮಾಡಿಕೊಂಡು ನಿಂತಿದ್ದ. ನನಗೂ ಕಣ್ಣು ತುಂಬಿತು.

ಮಧ್ಯಾಹ್ನ ಕೂಟಕ್ಕೆ ಮಾಸ್ತರರು ತಾವಾಗಿಯೇ ಬಂದರು. ಇನ್ನು ನಾವೆಲ್ಲ ಒಂದೇ ಮನೆಯವರು ಅಂತ ಸೊಗಸಾಗಿ ಪ್ರಾರ್ಥನೆ ಮಾಡಿದರು. ಕಣ್ಣು ತೆರೆದರು. ಮೂಲೆಯಲ್ಲಿ ಕೂತ ಕಳಕವ್ವನನ್ನು ಕಂಡು, ಇವಳು ಯಾಕಿಲ್ಲಿ ಅಂದರು.

ಒಂದೇ ಮನೆಯವರು ಅಂದ ನಾಲಗೆ ಇನ್ನೂ ಆರಿರಲಿಲ್ಲ.

ಅಂಗಿಯ ನೇಯ್ಗೆ ಹೇಳಲು ನಾನೇ ಕರೆದೆ ಅಂದೆ. ಅವರ ಮುಖ ಬಿಗಿಯಿತು.

"ದೇವವ್ವ, ದೇವರ ವಾಕ್ಯ ಅಂದ್ರ ಮಗ್ಗದ ಮ್ಯಾಲಿನ ಆಟ ಅಲ್ಲ. ಕಾರ್ಡು ತುಂಬೇತೇನು?"

"ಇಲ್ಲರಿ."

"ತುಂಬಸು. ಡಿಸೆಂಬರ್ ಮೂವತ್ತಕ್ಕ ನೋಡೂಣು."

ತುಂಬಿಸುವುದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ. ತುಂಬಿಸುವುದಿಲ್ಲ.

೨೨-೧೧-೫೬. ಬೆಳಗ್ಗೆ ೧೦

ಆಯಿತು! ಎರಡು ಮೊಳದ ಕೊಳವೆ. ಮಗ್ಗದಿಂದ ಕತ್ತರಿಸಿ ಕೈ ಒಳಗೆ ಹಾಕಿದೆ. ಮಣಿಕಟ್ಟು, ಮೊಣಕೈ... ತೋಳಿನ ತನಕ ಹೋಯಿತು. ಸುತ್ತ ಎಲ್ಲಿ ಸವರಿದರೂ ಹೊಲಿಗೆ ಇಲ್ಲ. ಕಳಕವ್ವ ಇನ್ನೊಂದು ಬಾಯಿಯಿಂದ ಕೈ ಹಾಕಿ ನನ್ನ ಬೆರಳು ಹಿಡಿದಳು. ನಲವತ್ತು ದಾಟಿದ ಇಬ್ಬರು ಹೆಂಗಸರು ಹುಡುಗಿಯರ ಹಾಗೆ ನಕ್ಕೆವು.

ಇದು ಓದಲ್ಲ ಅನ್ನುವುದಾದರೆ ಓದು ಯಾವುದು? ಮಾಸ್ತರರು ಹೇಳಲಿ.

೨೯-೧೨-೫೬, ಶನಿವಾರ. ಮಧ್ಯಾಹ್ನ

ಕಾರ್ಡು ತೆಗೆದು ನೋಡಿದರೆ ತುಂಬಿದೆ! ಸೆಪ್ಟೆಂಬರ್ ಹದಿನೈದರಿಂದ ನಾಳೆಯವರೆಗೆ, ಒಂದೂ ಬಿಡದೆ ಗೀಟು.

ಇವರ ಕೆಲಸ. ನನ್ನ ಗಂಡ ದವಾಖಾನೆಯ ಗೇಟಿನಲ್ಲಿ ಕಾವಲು. ಅಲ್ಲೇ ಕೂತು ಗೀಟು ಎಳೆದಿದ್ದಾರೆ. ಕೇಳಿದೆ. ತಲೆ ತಗ್ಗಿಸಿದರು. ಕೂಟ ಹೋದರೆ ನೀನು ಮಂಕಾಗುತ್ತೀ, ಅದನ್ನು ನನ್ನಿಂದ ನೋಡಲಾಗದು ಅಂದರು.

"ನೀ ಓದೂದು ನಾ ದಿನಾ ನೋಡೀನಲ್ಲ. ಮತ್ಯಾವ ಮೂರು ಅಧ್ಯಾಯ ಬೇಕು ಆ ಮಾಸ್ತರಗ?"

ಬೈಯಬೇಕೆಂದಿದ್ದೆ. ಬಿಟ್ಟೆ. ಇಪ್ಪತ್ತೈದು ವರ್ಷದಲ್ಲಿ ಈ ಮನುಷ್ಯ ನನಗೋಸ್ಕರ ಆಡಿದ ಮೊದಲ ಸುಳ್ಳು ಇದು. ರಾಗಿ ಕಾಳಷ್ಟು ಸಣ್ಣ ಗೀಟುಗಳು.

ರಬ್ಬರು ತಗೊಂಡು ಕೂತೆ. ಅವರ ಗೀಟು ಎಲ್ಲ ಅಳಿಸಿದೆ. ಆಮೇಲೆ ನನ್ನವು. ಜುಲೈ ಪೂರ್ತಿ. ಯಾಜಕಕಾಂಡ ಪೂರ್ತಿ. ನಿದ್ದೆಯಲ್ಲಿ ಹಾಕಿದ್ದೆಲ್ಲ ಹೋಯಿತು. ಕಾರ್ಡು ಅಲ್ಲಲ್ಲಿ ತೂತು ಬಿದ್ದಿದೆ. ಇವರು ಪಕ್ಕದಲ್ಲಿ ಕೂತು ರಬ್ಬರಿನ ಕಸ ಊದುತ್ತಿದ್ದರು.

೩೦-೧೨-೫೬, ರವಿವಾರ. ಸಂಜೆ

ಹೆಸರು ಕೂಗಿದರು. ಒಬ್ಬೊಬ್ಬರೇ ಎದ್ದು ಪೂರ್ತಿ ಅಂದರು. ನನ್ನ ಕಾರ್ಡನ್ನು ಮಾಸ್ತರರು ಬೆಳಕಿಗೆ ಹಿಡಿದರು. ಇದೇನು ಅಂದರು. ಎದ್ದು ನಿಂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅಳಿಸೀನ್ರಿ. ಓದಲಾರದ್ದಕ್ಕ ಗೀಟು ಹಾಕಿದ್ದೆ, ಅದು ಸುಳ್ಳ ಆಗಿತ್ತು. ಮೂರು ತಿಂಗಳು ಒಂದ ವಚನ ಓದೀನಿ. ಅದನ್ನ ಕೇಳ್ರಿ, ಇಲ್ಲೇ ಹೇಳತೀನಿ."

ಯಾರೂ ಕೇಳಲಿಲ್ಲ. ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಗುರುವಾರದ ಕೂಟ ಇನ್ನು ಮಾಸ್ತರರ ಸೊಸೆ ಅಮೃತವ್ವನದು. ಅವಳ ಕಾರ್ಡು ಪೂರ್ತಿ ಇದೆ. ಪಾಪ, ಅವಳೇ ಅಳುವ ಹಾಗಿದ್ದಳು.

ಮನೆಗೆ ಬಂದು ಅತ್ತೆ. ಹನ್ನೊಂದು ವರ್ಷ. ಯಾಕೆ ಅಳಬಾರದು. ಅತ್ತು ಮುಖ ತೊಳೆದು ಬೈಬಲ್ ತೆಗೆದೆ. ಕೂಟವನ್ನು ಕಿತ್ತುಕೊಂಡರು, ಇದನ್ನು ಕಿತ್ತುಕೊಳ್ಳುವ ಕೈ ಈ ಊರಲ್ಲಿ ಹುಟ್ಟಿಲ್ಲ.

೩-೧-೧೯೫೭, ಗುರುವಾರ. ಮಧ್ಯಾಹ್ನ ೩

ಕೂಟದ ಹೊತ್ತು. ಅಲ್ಲಿ ಅಮೃತವ್ವ ಶುರುಮಾಡಿರಬೇಕು. ನಾನೂ ಇಲ್ಲಿ, ಮಗ್ಗದ ಪಕ್ಕ, ಚಾಪೆ ಹಾಸಿದೆ. ಮುಂದಿನ ಗುರುವಾರವೂ ಹಾಸುತ್ತೇನೆ. ಬೇಕಾದವರು ಬರಲಿ, ಬೇಡವಾದರೆ ನಾನೊಬ್ಬಳೇ ಸಾಕು.

ಹಾಜರು: ಒಬ್ಬಳು. ಕಳಕವ್ವ. ಅಂಗಿ ನೇಯುವುದು ತಿಳಿಯಿತು, ಮುಂದೆ ಅದರ ಕತೆ ಏನಾಯಿತು ಅಂತ ಕೇಳುತ್ತಾ ಬಂದಳು.

ಸಿಪಾಯಿಗಳು ಚೀಟಿ ಹಾಕಿದ್ದನ್ನು ಮೊದಲಿಂದ ಓದಿದೆ. ಅವಳಿಗೆ ಸಿಟ್ಟು ಬಂತು. ಎರಡು ಪದರದ ನೇಯ್ಗೆ ಅಂದರೆ ಎಷ್ಟು ದಿನದ ಕೆಲಸ ಅಂತ ಅವಳಿಗೆ ಗೊತ್ತು, ಆ ಸಿಪಾಯಿಗಳಿಗೆ ಗೊತ್ತಿಲ್ಲ. ಆಮೇಲೆ ಕೇಳಿದಳು.

"ಅದನ್ನ ನೇಯ್ದಾಕಿ ಯಾರವ್ವ? ಆಕಿ ಇದನ್ನ ನೋಡಿದ್ಲೇನು?"

ನೇಯ್ದವರ ಹೆಸರು ಬರೆದಿಲ್ಲ ಅಂದೆ. ಬೆರಳು ವಚನದ ಮೇಲಿತ್ತು. ಮೂರು ತಿಂಗಳಿಂದ ಆ ಅಂಗಿ ಬಿಟ್ಟು ಕೆಳಗೆ ಇಳಿದಿರಲಿಲ್ಲ. ಎರಡು ಸಾಲು ಇಳಿಸಿದೆ. ಗೊತ್ತಿಲ್ಲದ್ದೇನಲ್ಲ, ನೂರು ಸಲ ಓದಿದ್ದು. ಅಂಗಿಯ ಪಕ್ಕದಲ್ಲೇ ಇದೆ ಅಂತ ಮಾತ್ರ ಕಂಡಿರಲಿಲ್ಲ.

ಓದಿ ಹೇಳಿದೆ. ಶಿಲುಬೆಯ ಹತ್ತಿರ ಅವನ ತಾಯಿ ನಿಂತಿದ್ದಳು. ಅಲ್ಲೇ. ಅವರು ಚೀಟಿ ಹಾಕುವಾಗ ಅವಳು ಅಲ್ಲೇ ನಿಂತು, ತಾನು ನೇಯ್ದ ಅಂಗಿಯನ್ನು ನೋಡುತ್ತಿದ್ದಿರಬೇಕು.